ಪ್ರತಿಕ್ರಿಯೆ: ದೀಪದ ಬಣ್ಣ ಬೇರೆ ಇದ್ದರೂ ಟ್ಯಾಕ್ಸಿವೇ ರನ್‌ವೇಯಂತೆ ಕಾಣೋದು ಹೇಗೆ?

ರನ್‌ವೇ ಅಂಚಿಗೆ ಬಿಳಿ ದೀಪ, ಟ್ಯಾಕ್ಸಿವೇಗೆ (ವಿಮಾನಗಳು ರನ್‌ವೇಗೆ ಹೋಗಿಬರುವ ನೆಲದ ದಾರಿ) ನೀಲಿ ಮತ್ತು ಹಸಿರು. ಆದರೂ ಪೈಲಟ್ ಹೇಗೆ ತಪ್ಪುತ್ತಾರೆ ಅಂತ ಕೇಳಿದ್ದೀರಿ. ನಿಜ, ಬಣ್ಣ ಬೇರೆ. ಆದರೆ ರಾತ್ರಿ ದೂರದಿಂದ ಕಣ್ಣು ಮೊದಲು ಹಿಡಿಯೋದು ಬಣ್ಣವನ್ನಲ್ಲ, ಸಾಲನ್ನು. ಮನಸ್ಸು ಏನನ್ನು ನಿರೀಕ್ಷಿಸುತ್ತದೋ ಅದೇ ಕಾಣುತ್ತದೆ.

2017ರ ಜುಲೈ 7ರ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಘಟನೆ ನೋಡಿ. ಅಲ್ಲಿ ಅಕ್ಕಪಕ್ಕದ ಜೋಡಿ ರನ್‌ವೇ, 28 ಎಡ ಮತ್ತು 28 ಬಲ. ಆ ರಾತ್ರಿ ಎಡದ್ದು ಮುಚ್ಚಿತ್ತು, ದೀಪಗಳೂ ಆರಿದ್ದವು. ಇಳಿಯಲು ಬರುತ್ತಿದ್ದ ಏರ್ ಕೆನಡಾ ವಿಮಾನದ ಪೈಲಟ್‌ಗಳ ತಲೆಯಲ್ಲಿ ಇನ್ನೂ ಎರಡು ರನ್‌ವೇಗಳ ಚಿತ್ರವೇ ಇತ್ತು. ಹಾಗಾಗಿ ಬೆಳಗುತ್ತಿದ್ದ 28 ಬಲವನ್ನೇ ಎಡದ್ದೆಂದುಕೊಂಡು, ಅದರ ಬಲಕ್ಕಿದ್ದ ಟ್ಯಾಕ್ಸಿವೇಗೆ ನೇರವಾಗಿ ಇಳಿಯತೊಡಗಿದರು. ಅಲ್ಲಿ ಪ್ರಯಾಣಿಕರು ತುಂಬಿದ್ದ ನಾಲ್ಕು ವಿಮಾನಗಳು ಸಾಲಾಗಿ ಕಾಯುತ್ತಿದ್ದವು! ರನ್‌ವೇ ಮೇಲೆ ದೀಪ ಕಾಣುತ್ತಿದೆಯಲ್ಲ ಅಂತ ಇವರು ಕೇಳಿದಾಗ, ಕಂಟ್ರೋಲರ್ 28 ಬಲ ಖಾಲಿ ಇದೆ ಅಂದರು. ಅದು ಸತ್ಯವೇ, ಆದರೆ ಇವರು ಇಳಿಯುತ್ತಿದ್ದದ್ದು ಅಲ್ಲಿಗಲ್ಲ. ಸಾಲಿನಲ್ಲಿದ್ದ ಒಂದು ವಿಮಾನದ ಸಿಬ್ಬಂದಿ ತಮ್ಮ ಲ್ಯಾಂಡಿಂಗ್ ದೀಪ ಹಾಕಿ ಎಚ್ಚರಿಸಿದರು. ಏರ್ ಕೆನಡಾದ ಆ ಏರ್‌ಬಸ್ ವಿಮಾನ ಮತ್ತೆ ಮೇಲೇರುವ ಮೊದಲು ನೆಲದಿಂದ ಸುಮಾರು 60 ಅಡಿಗೆ ಇಳಿದಿತ್ತು. ಓದಿದಾಗಲೆಲ್ಲ ಎದೆ ನಡುಗುತ್ತದೆ.

ನನ್ನ ಪ್ರಕಾರ ದೊಡ್ಡ ಲೋಪ ಕಣ್ಣಿನದಲ್ಲ. ಕಣ್ಣಿಂದ ನೋಡಿ ಇಳಿಯುವಾಗಲೂ ಐಎಲ್‌ಎಸ್ (ರೇಡಿಯೊ ಸಂಕೇತದಿಂದ ರನ್‌ವೇಗೆ ದಾರಿ ತೋರುವ ವ್ಯವಸ್ಥೆ) ಟ್ಯೂನ್ ಮಾಡಿಟ್ಟುಕೊಂಡಿದ್ದರೆ, ರನ್‌ವೇಯ ಮಧ್ಯರೇಖೆಯಿಂದ ಬಲಕ್ಕೆ ಸರಿದಿದ್ದೀರಿ ಅಂತ ಸೂಚಕ ಆಗಲೇ ತೋರಿಸುತ್ತಿತ್ತು. ಅವತ್ತು ಟ್ಯೂನ್ ಮಾಡಿರಲಿಲ್ಲ.