ಕರಾವಳಿಯ ಅಳಿಯಕಟ್ಟು ಕುಟುಂಬಗಳು ಒಡೆದದ್ದು ಯಾಕೆ?

ಮುಖ್ಯವಾಗಿ ಕಾನೂನಿನಿಂದ. ಒಟ್ಟಾಗಿದ್ದ ಆಸ್ತಿಯನ್ನು ಪಾಲು ಮಾಡಲು ಅದು ದಾರಿ ತೆರೆಯಿತು.

ಮಂಗಳೂರು, ಉಡುಪಿ ಕಡೆಯ ಬಂಟರು, ಬಿಲ್ಲವರು ಮುಂತಾದವರಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು; ಈ ಪದ್ಧತಿಯೇ ಅಳಿಯಕಟ್ಟು, ಅಥವಾ ಅಳಿಯಸಂತಾನ. ಯಜಮಾನಿಕೆ ಹೆಚ್ಚಾಗಿ ಹಿರಿಯ ಸೋದರಮಾವನದು. ಎಲ್ಲರೂ ಒಪ್ಪದೆ ಪಾಲಿಲ್ಲ, ಹಾಗಾಗಿ ಮನಸ್ಸು ಮುರಿದರೂ ಮನೆ ಮುರಿಯುತ್ತಿರಲಿಲ್ಲ.

1949ರ ಮದರಾಸು ಅಳಿಯಸಂತಾನ ಕಾಯ್ದೆ ಪ್ರತಿ ಕವರಿಗೆ, ಅಂದರೆ ಒಬ್ಬ ಹೆಂಗಸು, ಅವಳ ಮಕ್ಕಳು ಮತ್ತು ಹೆಣ್ಣುಮಕ್ಕಳ ಕಡೆಯ ಸಂತತಿ ಸೇರಿದ ಕವಲಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಕುಟುಂಬದ ಆಸ್ತಿಯಲ್ಲಿ ಗಂಡಸಿನ ಪಾಲು ಅವನ ಹೆಂಡತಿ ಮಕ್ಕಳಿಗೂ ಹೋಗತೊಡಗಿತು. ಅಕ್ಕತಂಗಿಯರ ಮಕ್ಕಳಿಗಾಗಿ ಗದ್ದೆ ನೋಡಿಕೊಳ್ಳುತ್ತಿದ್ದ ಮಾವನಿಗೆ, ಅದೇ ಗದ್ದೆಯಲ್ಲಿ ಸ್ವಂತ ಮಕ್ಕಳ ಹಕ್ಕೂ ಕಾಣಿಸಿತು. ಮುಂದೆ 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ಒಕ್ಕಲುಗಳದ್ದಾಯಿತು. ದೊಡ್ಡ ಮನೆಗಳಿಗೆ ಗೇಣಿ ಅಕ್ಕಿ ಬರುವುದು ನಿಂತಿತು.

ಬಳಿ (ತುಳುವಿನಲ್ಲಿ ಬರಿ), ಅಂದರೆ ಗೋತ್ರದಂಥ ವಂಶದ ಹೆಸರು, ಮಾತ್ರ ಈಗಲೂ ತಾಯಿಯದೇ. ಮದುವೆ ಮಾತುಕತೆಗೆ ಕೂತರೆ "ನಿಮ್ಮ ಬರಿ ಯಾವುದು?" ಎಂದು ಕೇಳಿಯೇ ಕೇಳುತ್ತಾರೆ. ಎರಡೂ ಕಡೆ ಒಂದೇ ಆದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮುಂಬೈಯಲ್ಲಿ ನೆಲೆಸಿದವರೂ ನೇಮಕ್ಕೆ, ಅಂದರೆ ಮನೆ ದೈವದ ಉತ್ಸವಕ್ಕೆ, ಬಸ್ಸು ಹತ್ತಿ ಬರುವುದು ತಾಯಿಯ ತರವಾಡು ಮನೆಯ, ಅಂದರೆ ಮೂಲ ಮನೆಯ, ಅಂಗಳಕ್ಕೆ.