ಸಂಬಳ ನನ್ನದು, ಅಗ್ರಿಮೆಂಟ್ ಮಾತ್ರ ಅವರ ಹೆಸರಲ್ಲಿ ಬೇಕಂತೆ

ಪ್ರಶ್ನೆ: ನಾನು ಮಡಿಕೇರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಕೈಗೆ ಬರುವ ಸಂಬಳ 38 ಸಾವಿರ. ಶಿಫ್ಟ್ ಡ್ಯೂಟಿ. ಮದುವೆಯಾಗಿ ಒಂದು ವರ್ಷವಾಯಿತು. ನನಗೆ ಇಲ್ಲಿ ಕೆಲಸ ಸಿಕ್ಕಿತೆಂದು ನಮ್ಮವರು ಮೈಸೂರಿನ ಕೆಲಸ ಬಿಟ್ಟು ಬಂದರು. ಇಲ್ಲಿ ಹುಡುಕುತ್ತಿದ್ದಾರೆ, ಇನ್ನೂ ಆಗಿಲ್ಲ. ಮನೆ ನೋಡಲು ಹೋದ ಕಡೆಯೆಲ್ಲ ಮೊದಲ ಪ್ರಶ್ನೆ, "ಯಜಮಾನರಿಗೆ ಏನು ಕೆಲಸ?" ಇಬ್ಬರು ಓನರ್‌ಗಳು ಆಮೇಲೆ ಫೋನ್ ಮಾಡ್ತೀವಿ ಅಂದವರು ಮಾಡಲೇ ಇಲ್ಲ. ಒಬ್ಬರು ಒಪ್ಪಿದ್ದಾರೆ. ಬಾಡಿಗೆ 13 ಸಾವಿರ, ಅಡ್ವಾನ್ಸ್ 80 ಸಾವಿರ. ಆದರೆ ಅಗ್ರಿಮೆಂಟ್ ಗಂಡಸರ ಹೆಸರಲ್ಲೇ ಇರಲಿ, ಉದ್ಯೋಗ ಅನ್ನುವ ಕಡೆ 'ಬಿಸಿನೆಸ್' ಅಂತ ಬರೆಸಿ ಅನ್ನುತ್ತಾರೆ. ಕುಶಾಲನಗರದಲ್ಲಿ ಅಷ್ಟೇ ದೊಡ್ಡ ಮನೆ 8,500ಕ್ಕೆ ಸಿಗುತ್ತಿದೆ. ಏನು ಮಾಡಲಿ?
(ಹೆಸರು ಬೇಡ, ಮಡಿಕೇರಿ)

ಉತ್ತರ: ಮೊದಲು 'ಬಿಸಿನೆಸ್' ವಿಷಯ. ಅದನ್ನು ಬರೆಸಬೇಡಿ. ಇಲ್ಲದ ವ್ಯಾಪಾರ ತೋರಿಸಿ ಸಹಿ ಹಾಕಿದರೆ, ಮುಂದೆ ಮನಸ್ತಾಪ ಬಂದಾಗ "ಇವರು ಸುಳ್ಳು ಹೇಳಿ ಮನೆ ಹಿಡಿದರು" ಅಂತ ಅದೇ ಓನರ್ ನಿಮ್ಮ ಕಡೆಗೇ ಬೊಟ್ಟು ಮಾಡಬಹುದು. ನಿಮ್ಮ ಮನೆಗೆ ಬಾಡಿಗೆ ಕೊಡುವ ಶಕ್ತಿ ಇದೆ. ಅದು ನಿಮ್ಮ ಸಂಬಳ. ಅದನ್ನು ಮುಚ್ಚಿಡುವಂಥದ್ದು ಏನಿದೆ?

ಅಗ್ರಿಮೆಂಟ್ ಇಬ್ಬರ ಹೆಸರಲ್ಲೂ ಆಗಲಿ. ಒಂದನೇ ಬಾಡಿಗೆದಾರರು ನೀವು, ಎರಡನೆಯವರು ಅವರು. ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ವಿರಾಜಪೇಟೆ ಕಡೆಯ ಒಬ್ಬ ಹೆಣ್ಣುಮಗಳು ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ಬಂದಿದ್ದರು. ಅಗ್ರಿಮೆಂಟ್ ಗಂಡನ ಹೆಸರಲ್ಲಿತ್ತು, ಅಡ್ವಾನ್ಸ್ ಮಾತ್ರ ಇವರ ಖಾತೆಯಿಂದ ಹೋಗಿತ್ತು. ಗಂಡ ಕೆಲಸಕ್ಕೆ ಕೊಲ್ಲಿ ದೇಶಕ್ಕೆ ಹೋದರು. ಇವರು ಮನೆ ಖಾಲಿ ಮಾಡಿದಾಗ, ಸಹಿ ಹಾಕಿದವರು ಬಂದು ಕೇಳಲಿ ಎಂದು ಓನರ್ ದುಡ್ಡು ಹಿಡಿದುಕೊಂಡರು. ತಾನೇ ದುಡಿದ ದುಡ್ಡಿಗೆ ಐದು ತಿಂಗಳು ಓಡಾಡಿದರು. ನಿಮಗೆ ಹಾಗಾಗಬಾರದು. ಆದ್ದರಿಂದ ಅಡ್ವಾನ್ಸ್ ಯಾರ ಖಾತೆಯಿಂದ ಹೋಯಿತು, ಖಾಲಿ ಮಾಡಿದ ದಿನ ಅದೇ ಖಾತೆಗೆ ವಾಪಸ್ ಬರಬೇಕು ಎಂದು ಒಂದು ಸಾಲು ಬರೆಸಿ.

ಇಬ್ಬರ ಹೆಸರಿದ್ದರೆ ಬಾಡಿಗೆಯ ಹೊಣೆಯೂ ಇಬ್ಬರದೇ. ಓನರ್‌ಗೆ ಇದನ್ನೇ ಹೇಳಿ. ಒಬ್ಬರ ಸಹಿಗಿಂತ ಇಬ್ಬರ ಸಹಿ ಅವರಿಗೂ ಒಳ್ಳೆಯದು ಅಲ್ವಾ? ನಿಮ್ಮ ನೇಮಕಾತಿ ಪತ್ರ, ಮೂರು ತಿಂಗಳ ಸಂಬಳದ ಚೀಟಿ, ಹಿಂದಿನ ಓನರ್ ಇದ್ದರೆ ಅವರ ಫೋನ್ ನಂಬರ್ ತೆಗೆದುಕೊಂಡು ಇಬ್ಬರೂ ಒಟ್ಟಿಗೆ ಹೋಗಿ. "ನಾನು ಕೆಲಸ ಹುಡುಕ್ತಾ ಇದ್ದೀನಿ, ಬಾಡಿಗೆ ಇವಳ ಸಂಬಳದಿಂದ ಬರುತ್ತೆ, ಪ್ರತಿ ತಿಂಗಳು ಎರಡನೇ ತಾರೀಕು ನಿಮ್ಮ ಖಾತೆಗೆ ಬೀಳುತ್ತೆ" ಎಂದು ನಿಮ್ಮ ಯಜಮಾನರೇ ಬಾಯಿಬಿಟ್ಟು ಹೇಳಲಿ. ಆ ಮಾತು ಅವರ ಬಾಯಿಂದ ಬಂದರೆ ಎದುರಿನವರ ಅರ್ಧ ಅನುಮಾನ ಅಲ್ಲೇ ಹೋಗುತ್ತದೆ. ಭರವಸೆಗೆಂದು ಖಾಲಿ ಚೆಕ್ ಕೇಳಿದರೆ ಮಾತ್ರ ಕೊಡಬೇಡಿ.

ಇನ್ನು ಮಡಿಕೇರಿಯೋ ಕುಶಾಲನಗರವೋ ಎಂಬುದು. ಬಾಡಿಗೆಯಲ್ಲಿ ತಿಂಗಳಿಗೆ 4,500 ಉಳಿತಾಯ, ವರ್ಷಕ್ಕೆ 54 ಸಾವಿರ. ಸಣ್ಣ ಮೊತ್ತ ಅಲ್ಲ. ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಿಮಗೆ ಟಿಕೆಟ್ ಖರ್ಚೂ ಇಲ್ಲ. ರಾಜಹಂಸದಂಥ ಐಷಾರಾಮಿ ಬಸ್ ಇಲ್ಲವೇ ಖಾಸಗಿ ಬಸ್ ಹತ್ತಿದರೆ ಮಾತ್ರ ದುಡ್ಡು ಕೊಡಬೇಕು. ಆದರೆ ದಾರಿ ಹೆಚ್ಚುಕಡಿಮೆ 30 ಕಿಲೋಮೀಟರ್. ಬೆಳಗಿನ ಎಂಟರ ಡ್ಯೂಟಿಗೆ ಆರೂವರೆಗೇ ಮನೆ ಬಿಡಬೇಕು. ರಾತ್ರಿ ಎಂಟಕ್ಕೆ ಬಿಟ್ಟರೆ, ಜುಲೈ ತಿಂಗಳ ಮಳೆ ಮಂಜಿನಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿರಬೇಕು. ನಿಮ್ಮದು ಬರೀ ಹಗಲು ಡ್ಯೂಟಿ ಆಗಿದ್ದರೆ ಕುಶಾಲನಗರ ಅನ್ನುತ್ತಿದ್ದೆ. ಶಿಫ್ಟ್ ಇರುವುದರಿಂದ ಮಡಿಕೇರಿಯೇ ಸರಿ. ಈ ಮನೆಯ ಏಕೈಕ ಸಂಬಳ ನಿಮ್ಮ ಆರೋಗ್ಯದ ಮೇಲೆ ನಿಂತಿದೆ.

ಆದರೆ 13 ಸಾವಿರ ಜಾಸ್ತಿಯಾಯಿತು. ನಿಮ್ಮ ಸಂಬಳದ ಮೂರರಲ್ಲೊಂದು ಪಾಲನ್ನೂ ಅದು ಮೀರುತ್ತದೆ. ಹನ್ನೊಂದರ ಆಸುಪಾಸಿಗೆ ಇಳಿಸಲು ಕೇಳಿ, ಇಲ್ಲವೇ ಪೇಟೆಯಿಂದ ಸ್ವಲ್ಪ ಆಚೆ ಹುಡುಕಿ. ನಿಮ್ಮ ಯಜಮಾನರಿಗೆ ಕೆಲಸ ಸಿಕ್ಕಿದ ಮೇಲೆ ಸರಿದೂಗುತ್ತದೆ ಎಂಬ ಲೆಕ್ಕ ಈಗ ಬೇಡ. ನನಗೆ ಬಾಡಿಗೆಗಿಂತ ಹೆಚ್ಚು ಚಿಂತೆ ಇರುವುದು ಅಡ್ವಾನ್ಸ್ ಬಗ್ಗೆ. 80 ಸಾವಿರ ಅಂದರೆ ಆರು ತಿಂಗಳ ಬಾಡಿಗೆಗೂ ಮೇಲೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟು ಸಾಕು ಅನ್ನುತ್ತದೆ. ಅದು ಮಾದರಿ ಮಾತ್ರ, ಓನರ್ ಅದನ್ನು ಪಾಲಿಸಲೇಬೇಕು ಅಂತಿಲ್ಲ. ಆದರೂ 40 ಸಾವಿರಕ್ಕೆ ಕೇಳಲು ಸಂಕೋಚ ಬೇಡ. ಒಂದೇ ಸಂಬಳದ ಮನೆಯಲ್ಲಿ ನಾಳೆ ನಿಮಗೆ ಜ್ವರ ಬಂದು ತಿಂಗಳು ಮಲಗಿದರೆ, ಓನರ್ ಹತ್ತಿರ ಇರುವ ದುಡ್ಡು ಮನೆ ನಡೆಸುವುದಿಲ್ಲ. ಬ್ಯಾಂಕಿನಲ್ಲಿರುವುದು ನಡೆಸುತ್ತದೆ. ಮೂರು ತಿಂಗಳ ಖರ್ಚು ನಿಮ್ಮ ಖಾತೆಯಲ್ಲೇ ಇರಲಿ. ಅಡ್ವಾನ್ಸಿಗೆಂದು ಒಡವೆ ಅಡ ಇಡಲು ಹೋಗಬೇಡಿ.

ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು ಎಂಬುದು ಅದಕ್ಕೆ ಕಾರಣ. ಆ 11 ತಿಂಗಳು ಮುಗಿದ ಮೇಲೂ ಸುಮ್ನೆ ಮುಂದುವರಿಯುತ್ತಾ ಹೋದರೆ ಅದು ತಿಂಗಳ ಬಾಡಿಗೆಯಾಗುತ್ತದೆ. ಆಗ 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ 15 ದಿನದ ನೋಟಿಸ್ ಕೊಟ್ಟು ಬಿಡಿಸಬಹುದು. ಮಡಿಕೇರಿಯಲ್ಲಿ ಮನೆಯನ್ನು ಹೋಂಸ್ಟೇ ಮಾಡುವ ಆಸೆ ಯಾವಾಗ ಬೇಕಾದರೂ ಬರಬಹುದು. ಹಾಗಾಗಿ ಓನರ್ ಕಡೆಯಿಂದ ಎರಡು ತಿಂಗಳ ನೋಟಿಸ್, ನಿಮ್ಮ ಕಡೆಯಿಂದ ಒಂದು ತಿಂಗಳು ಎಂದು ಬರೆಸಿ, ಪ್ರತಿ ವರ್ಷ ಮರೆಯದೆ ಹೊಸದು ಮಾಡಿಸಿ. ನಿಮ್ಮ ಯಜಮಾನರಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕರೆ ಹೊರಡಬೇಕಾದೀತು. ಇಷ್ಟು ತಿಂಗಳು ಬಿಡುವ ಹಾಗಿಲ್ಲ ಎಂಬ ಷರತ್ತಿಗೆ ಒಪ್ಪಬೇಡಿ.

ಮನೆಯನ್ನು ಸರಿಯಾಗಿ ನೋಡಿದ್ದೀರಾ? ಕೊಡಗಿನಲ್ಲಿ ಮೇ ತಿಂಗಳಲ್ಲಿ ಹೊಸ ಬಣ್ಣ ಬಳಿದ ಮನೆ ಎಲ್ಲರಿಗೂ ಚೆನ್ನಾಗಿಯೇ ಕಾಣುತ್ತದೆ. ಬೀರು ಇದ್ದರೆ ಸ್ವಲ್ಪ ಜರುಗಿಸಿ, ಹಿಂದಿನ ಗೋಡೆಗೆ ಅಂಗೈ ಒತ್ತಿ ನೋಡಿ. ಬರೀ ತಣ್ಣಗಿದ್ದರೆ ಪರವಾಗಿಲ್ಲ. ಸುಣ್ಣದ ಪುಡಿ ಕೈಗೆ ಹತ್ತಿದರೆ, ಬಣ್ಣ ಗುಳ್ಳೆ ಎದ್ದಿದ್ದರೆ, ಆಗಸ್ಟ್ ಹೊತ್ತಿಗೆ ಆ ಗೋಡೆ ತುಂಬ ಬೂಸ್ಟು. ಬಾಗಿಲು ಹಾಕಿದ ಕೋಣೆ ತೆರೆದ ಕೂಡಲೇ ಮುಗ್ಗಲು ವಾಸನೆ ಬಂದರೂ ಅದೇ ಲೆಕ್ಕ. ಹಿತ್ತಿಲಿಗೆ ಹೋಗಿ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿ, ಎಷ್ಟು ಹತ್ತಿರ ಇದೆ, ಅದಕ್ಕೆ ತಡೆಗೋಡೆ ಇದೆಯಾ, ನೀರು ಎಲ್ಲಿ ಹರಿದು ಹೋಗುತ್ತದೆ ನೋಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿತ, ಪ್ರವಾಹ ನೋಡಿದ ಊರಿದು, ಅಕ್ಕಪಕ್ಕದವರನ್ನು ಕೇಳಿದರೆ ನಿಜ ಹೇಳುತ್ತಾರೆ. ಮುಂದೆಂದಾದರೂ ಕುಶಾಲನಗರಕ್ಕೆ ಹೋಗುವ ಹಾಗಾದರೆ, ಕಾವೇರಿ ನೀರು ಎಲ್ಲಿವರೆಗೆ ಬಂದಿತ್ತು ಎಂದೂ ಕೇಳಿ.

ಖಾಲಿ ಮಾಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿ ಇದೆ. ಮಳೆಯಿಂದ ಬಂದ ಬೂಸ್ಟಿಗೆ, ಸೋರಿದ ಸೂರಿಗೆ ಬಾಡಿಗೆದಾರರು ಹೊಣೆಯಲ್ಲ ಎಂದು ಈಗಲೇ ಬರೆಸಿಕೊಳ್ಳಿ. ಕೀ ತೆಗೆದುಕೊಳ್ಳುವ ದಿನ ಪ್ರತಿ ಗೋಡೆಯ ಫೋಟೋ ತೆಗೆದು ಓನರ್‌ಗೆ ವಾಟ್ಸ್ಆ್ಯಪ್ ಮಾಡಿ. ಪ್ರವಾಹದಂಥ ವಿಪತ್ತಿನಲ್ಲಿ ಮನೆ ವಾಸಕ್ಕೆ ಬಾರದ ಹಾಗೆ ಹಾಳಾದರೆ, ಕರಾರು ಮುರಿದು ಹೊರಡುವ ಹಕ್ಕು ಅದೇ 1882ರ ಕಾಯ್ದೆಯಲ್ಲಿ ನಿಮಗಿದೆ. ಅದನ್ನು ಬಿಟ್ಟುಕೊಡುವಂಥ ಸಾಲು ಅಗ್ರಿಮೆಂಟಿನಲ್ಲಿ ಇಲ್ಲ ಅಂತ ಓದಿ ನೋಡಿ.

ಕರೆಂಟ್ ವಿಷಯ ಚಿಕ್ಕದು. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಹಿಂದೆ ಇದ್ದವರ ಆಧಾರ್ ಆ ಮೀಟರ್‌ನಿಂದ ತೆಗೆಸಿ, ನಿಮ್ಮಿಬ್ಬರಲ್ಲಿ ಒಬ್ಬರದನ್ನು ಜೋಡಿಸಿ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಬರುತ್ತದೆ, ಮಳೆಗಾಲದಲ್ಲಿ ಗೀಸರ್ ಮೇಲೆ ಒಂದು ಕಣ್ಣಿರಲಿ.

ಇಬ್ಬರ ಹೆಸರು ಹಾಕಲು ಓನರ್ ಕೊನೆಗೂ ಒಪ್ಪದಿದ್ದರೆ, ಆ ಮನೆ ಬಿಟ್ಟುಬಿಡಿ. ಸಂಬಂಧಪಟ್ಟ ಕಾಗದವೆಲ್ಲ ಒಂದು ಫೈಲಿನಲ್ಲಿ ಹಾಕಿಟ್ಟುಕೊಂಡು ಮುಂದಿನ ಮನೆ ನೋಡಿ. ಆಸ್ಪತ್ರೆಯಲ್ಲಿ ನಿಮ್ಮ ಜೊತೆಗಾರರಿಗೂ ಹೇಳಿಡಿ. ಬಾಡಿಗೆಗೆ ಇದ್ದು ಹೊರಡುತ್ತಿರುವ ನರ್ಸ್ ಒಬ್ಬರು ಇದ್ದರೆ, ಆ ಮನೆಯ ಓನರ್‌ಗೆ ನರ್ಸ್ ಸಂಬಳದಲ್ಲಿ ಬಾಡಿಗೆ ಬರುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ.