ನಿರ್ಮಾಪಕರಿಗೆ ಅರ್ಧ ಪುಟ ಏಕೆ?

ತೈವಾನಿನ ನಿರ್ದೇಶಕ ಹೌ ಷಿಯಾವೋ ಷಿಯೆನ್ ಮತ್ತು ಚೀನಾದ ನಿರ್ದೇಶಕ ಜಿಯಾ ಝಾಂಗ್‌ಕೆ ಅವರ ಚಿತ್ರಗಳನ್ನು ಕುರಿತ ನಮ್ಮ ಲೇಖನದಲ್ಲಿ ಜಪಾನಿನ ನಿರ್ಮಾಪಕ ಶೋಜೊ ಇಚಿಯಾಮ ಅವರಿಗೆ ಅರ್ಧ ಪುಟ ಕೊಟ್ಟದ್ದು ನಿಮಗೆ ಸರಿಬಿದ್ದಿಲ್ಲ. 'ಹಣ ಹಾಕಿದವರ ಹೆಸರು ಬ್ಯಾಂಕಿಗೆ ಬೇಕು, ಪ್ರೇಕ್ಷಕನಿಗೇಕೆ?' ಎಂದು ನಿಮ್ಮ ಪತ್ರದಲ್ಲಿ ಕೇಳಿದ್ದೀರಿ. ಚಿತ್ರ ಹುಟ್ಟುವುದು ನಿರ್ದೇಶಕನ ಕಣ್ಣಿನಲ್ಲಿ ಎಂಬ ನಿಮ್ಮ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಷ್ಟು ಸೂಕ್ಷ್ಮವಾಗಿ ಸಿನಿಮಾ ನೋಡುವ ನೀವೂ ಹೀಗೆ ಬರೆದಿರಲ್ಲ ಎಂದು ಬೇಸರವಾಯಿತು.

ಹೌ ನಿರ್ದೇಶಿಸಿದ, ಇಚಿಯಾಮ ನಿರ್ಮಾಪಕರಾಗಿದ್ದ 'ಫ್ಲವರ್ಸ್ ಆಫ್ ಶಾಂಘೈ' (1998) ಚಿತ್ರದ ಎಣ್ಣೆದೀಪದ ಬೆಳಕನ್ನು ನೀವು ಮನಸಾರೆ ಹೊಗಳಿದ್ದೀರಿ. ಆ ಚಿತ್ರವನ್ನು ಚೀನಾದಲ್ಲಿ ತೆಗೆಯಲು ಅನುಮತಿ ಸಿಗಲಿಲ್ಲ. ತೈವಾನಿನಲ್ಲಿ ಸೆಟ್ ಹಾಕಿ, ಬೀದಿಯ ಒಂದು ದೃಶ್ಯವೂ ಇಲ್ಲದಂತೆ ಇಡೀ ಕತೆಯನ್ನು ಕೋಣೆಗಳೊಳಗೇ ಚಿತ್ರೀಕರಿಸಿದರು. ಅನುಮತಿ ತಪ್ಪಿದಾಗ ಕೈಚೆಲ್ಲಿ ಕೂರದೆ ಹೊಸ ಲೆಕ್ಕಾಚಾರಕ್ಕೆ ದಾರಿ ಹುಡುಕುವುದು ಯಾರ ಕೆಲಸವೆಂದುಕೊಂಡಿರಿ? ಜಪಾನಿನ ಶೋಚಿಕು ಸ್ಟುಡಿಯೋದ ನೌಕರರಾಗಿ ವೃತ್ತಿ ಆರಂಭಿಸಿದ ಇಚಿಯಾಮ ಸ್ವಂತ ಗಂಟು ಬಿಚ್ಚಿದ ಧಣಿಯಲ್ಲ, ಇಂಥ ದಾರಿಗಳನ್ನು ಹುಡುಕಿದವರು.

ಜಿಯಾ ಅವರ 'ಪ್ಲಾಟ್‌ಫಾರ್ಮ್' (2000) ಚಿತ್ರದ ಸಂಗತಿ ಇನ್ನೂ ಕಠಿಣ. ಸರ್ಕಾರದ ಒಪ್ಪಿಗೆಯಿಲ್ಲದೆ ತೆಗೆದ ಚಿತ್ರವಾದ್ದರಿಂದ ತಾಯ್ನಾಡಿನ ಚಿತ್ರಮಂದಿರಗಳಿಂದ ಒಂದು ಕಾಸೂ ಬರುವಂತಿರಲಿಲ್ಲ. ಹಣವನ್ನು ಜಪಾನ್, ಹಾಂಗ್‌ಕಾಂಗ್, ಫ್ರಾನ್ಸ್‌ಗಳಿಂದ ಹೊಂದಿಸಬೇಕಾಯಿತು. ಇಂಥ ಚಿತ್ರಗಳಲ್ಲಿ ನಿರ್ಮಾಪಕ ಇನ್ನೂ ತೆಗೆಯದ ಚಿತ್ರದ ಪ್ರದರ್ಶನ ಹಕ್ಕನ್ನು, ಚಿತ್ರಕತೆಯನ್ನೂ ನಿರ್ದೇಶಕನ ಹೆಸರನ್ನೂ ಮುಂದಿಟ್ಟು, ಒಂದೊಂದು ದೇಶದ ವಿತರಕನಿಗೆ ಮಾರುತ್ತಾನೆ. ಒಬ್ಬ ಹಿಂದೆ ಸರಿದರೂ ಉಳಿದವರಿಗೆ ಉತ್ತರ ಹೇಳಬೇಕಾದವನು ಅವನೇ. ವೆನಿಸ್ ಉತ್ಸವದಲ್ಲಿ ಮೂರು ಗಂಟೆ ಮೀರಿದ್ದ ಈ ಚಿತ್ರ ಆಮೇಲೆ ಎರಡೂವರೆ ಗಂಟೆಯ ಆಸುಪಾಸಿಗೆ ಇಳಿಯಿತು. ಅಂಥ ಹೊತ್ತಿನಲ್ಲಿ ನಿರ್ದೇಶಕನ ಎದುರು ಕುಳಿತು ಮಾತನಾಡಬಲ್ಲವನು ಅವನ ವಿಶ್ವಾಸ ಉಳಿಸಿಕೊಂಡ ನಿರ್ಮಾಪಕ ಮಾತ್ರ. ಆ ವಿಶ್ವಾಸ ಇಲ್ಲಿ ಉಳಿಯಿತೆಂಬುದಕ್ಕೆ 2013ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಚಿತ್ರಕತೆಗೆ ಪ್ರಶಸ್ತಿ ಪಡೆದ ಜಿಯಾ ಅವರ 'ಎ ಟಚ್ ಆಫ್ ಸಿನ್' ಚಿತ್ರದಲ್ಲೂ ನಿರ್ಮಾಪಕರಾಗಿ ಇಚಿಯಾಮ ಇದ್ದದ್ದೇ ಸಾಕ್ಷಿ. ಇದರ ನಡುವೆಯೇ ಅವರು 2000ದಲ್ಲಿ ಆರಂಭವಾದ ಟೋಕಿಯೊ ಫಿಲ್ಮೆಕ್ಸ್ ಉತ್ಸವಕ್ಕೆ ಏಷ್ಯಾದ ಹೊಸಬರ ಚಿತ್ರಗಳನ್ನು ವರ್ಷವರ್ಷವೂ ಆರಿಸಿ ತಂದರು.

ನಮ್ಮ ಸಿನಿಮಾ ಪುಟಗಳ ಪಾಡನ್ನೇ ನೋಡಿ. ನಾಯಕಿಯ ಉಡುಪಿಗೆ ಅಲ್ಲಿ ಜಾಗವಿದೆ. ನಿರ್ಮಾಪಕನ ಹೆಸರು ಕಾಣುವುದು ಚೆಕ್ ಬೌನ್ಸ್ ಆದಾಗ, ಇಲ್ಲವೇ ಆದಾಯ ತೆರಿಗೆಯವರು ಮನೆ ಬಾಗಿಲಿಗೆ ಬಂದಾಗ. 'ಘಟಶ್ರಾದ್ಧ' ಎಂದೊಡನೆ ಕಾಸರವಳ್ಳಿ ಎನ್ನುತ್ತೇವೆ, ಎನ್ನಲೇಬೇಕು. ಆದರೆ ಪುಣೆಯಲ್ಲಿ ಓದು ಮುಗಿಸಿ ಬಂದ ಯುವಕನ ಮೊದಲ ಚಿತ್ರವನ್ನು 1977ರಲ್ಲಿ ನಿರ್ಮಿಸಿದ ಸದಾನಂದ ಸುವರ್ಣರನ್ನು, ಆ ಚಿತ್ರದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್‌ನಲ್ಲಿ ಪ್ರದರ್ಶನಗೊಂಡಾಗ ಎಷ್ಟು ಜನ ನೆನೆದರು? ಆ ಚಿತ್ರಕ್ಕೆ ಬಂದ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ನಿರ್ದೇಶಕರಿಗಷ್ಟೇ ಅಲ್ಲ, ನಿರ್ಮಾಪಕರಿಗೂ ಸಲ್ಲುವಂಥದ್ದೆಂಬುದು ನಮ್ಮ ವರದಿಗಾರರಿಗೇ ಎಷ್ಟೋ ಸಲ ನೆನಪಿರುವುದಿಲ್ಲ.